ತೋಟದ ಮನೆಯ ಬೆಸುಗೆ ಯಂತ್ರ

ಮಹಾನವಮಿಯ ಖಂಡೆಪೂಜೆಯ ದಿನ ನಮ್ಮ ಸೀಮೆಯ ಒಕ್ಕಲು ಮನೆಗಳಲ್ಲಿ ನೇಗಿಲು, ಕುಂಟೆ, ಕೂರಿಗೆ, ಕುಡುಗೋಲುಗಳನ್ನು ತೊಳೆದು ವಿಭೂತಿ ಹಚ್ಚಿ ಸಾಲಾಗಿ ಇರಿಸುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಈಚಿನ ದಶಕಗಳಲ್ಲಿ ಆ ಸಾಲಿಗೆ ಹೊಸಬರು ಬಂದು ಸೇರಿದ್ದಾರೆ. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಔಷಧಿ ಸಿಂಪಡಿಸುವ ಯಂತ್ರಗಳ ಜೊತೆಗೆ ಅನೇಕ ತೋಟದ ಮನೆಗಳಲ್ಲಿ ಒಂದು ವೆಲ್ಡಿಂಗ್ ಯಂತ್ರವೂ ಚೆಂಡುಹೂವಿನ ಹಾರ ಧರಿಸಿ ಕುಳಿತಿರುತ್ತದೆ. ಉಳಿದವುಗಳ ಬಗೆಗೆ ಕೃಷಿ ಪತ್ರಿಕೆಗಳಲ್ಲಿ ಬೇಕಾದಷ್ಟು ಬರೆಹಗಳು ಬಂದಿವೆ. ಈ ಬೆಸುಗೆ ಯಂತ್ರ ಮಾತ್ರ ಮೂಲೆಯಲ್ಲಿಯೇ ಉಳಿದಿದೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕ, ಷಟ್‌ಸ್ಥಲ ಶಾಸ್ತ್ರಗಳನ್ನು ಕಲಿತ ನಮ್ಮಂಥವರು ಇದರ ಬಗೆಗೆ ಬರೆಯುವುದನ್ನು ಕಂಡು ಕೆಲವರು ನಕ್ಕಾರು. ನಗಲಿ. ಘಟಪ್ರಭೆಯ ದಂಡೆಯ ನಮ್ಮ ಕಿರಿಯ ಸಹೋದರನ ತೋಟದ ಕೊಟ್ಟಿಗೆಯಲ್ಲಿ 1991ರಿಂದ ಇಂದಿನವರೆಗೆ ಒಂದೇ ಯಂತ್ರ ದುಡಿಯುತ್ತಿದೆ. ಅದು ಬಂದ ದಿನದಿಂದ ನಾವು ಅದನ್ನು ಹತ್ತಿರದಿಂದ ನೋಡುತ್ತ ಬಂದಿದ್ದೇವೆ.

ಯಂತ್ರವನ್ನು ಕೊಲ್ಹಾಪುರದಿಂದ ತರಲಾಯಿತು. ಒಂದು ಒಳ್ಳೆಯ ಎತ್ತಿನ ಬೆಲೆ ಬಿದ್ದಿತು. ದಪ್ಪ ತಗಡಿನ ಪೆಟ್ಟಿಗೆ, ಕೆಳಗೆ ನಾಲ್ಕು ಕಬ್ಬಿಣದ ಗಾಲಿ, ಒಳಗೆ ಎಣ್ಣೆಯಲ್ಲಿ ಮುಳುಗಿದ ತಾಮ್ರದ ಸುರುಳಿಗಳು. ನಾಲ್ವರು ಗಟ್ಟಿಯಾಳುಗಳಿಲ್ಲದೆ ನೆಲದಿಂದ ಏಳದು. ಒಳಗಿನ ವ್ಯವಸ್ಥೆ ಮಾತ್ರ ಸರಳವಾದುದು. ಮೂರು ಫೇಸಿನ ಮಾರ್ಗದ ಎರಡು ತಂತಿಗಳಿಂದ 415 ವೋಲ್ಟಿನ ವಿದ್ಯುತ್ತು ಸಪೂರ ತಂತಿಯ ಅನೇಕ ಸುತ್ತುಗಳ ಒಂದು ಸುರುಳಿಗೆ ಬರುತ್ತದೆ. ಅದರ ಪಕ್ಕದಲ್ಲಿರುವ ಎರಡನೆಯ ಸುರುಳಿಗೆ ಸುತ್ತುಗಳು ಕಡಿಮೆ, ತಂತಿ ದಪ್ಪ. ಅಲ್ಲಿ ವೋಲ್ಟು ಸುಮಾರು 80ಕ್ಕೆ ಇಳಿಯುತ್ತದೆ. ಬೆಸುಗೆ ನಡೆಯುವಾಗ 20–30ಕ್ಕೆ ಬರುತ್ತದೆ. ವೋಲ್ಟು ಇಳಿದಷ್ಟು ಆಂಪಿಯರು ಏರುತ್ತದೆ. ಎತ್ತರದ ಕಿರುಗಾಲುವೆಯ ನೀರನ್ನು ತಗ್ಗಿನ ಅಗಲ ಕಾಲುವೆಗೆ ಬಿಟ್ಟಂತೆ ಎಂದು ನಮ್ಮ ಸಹೋದರ ಬಂದವರಿಗೆಲ್ಲ ವಿವರಿಸುತ್ತಿದ್ದ. ಕಾಲುವೆಯ ನೀರು ಉಂಡು ಬೆಳೆದವರಿಗೆ ಅದು ಕೂಡಲೇ ತಿಳಿಯುತ್ತಿತ್ತು.

ಕಬ್ಬಿಣವು 1538 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ರಾಡಿನ ತುದಿಗೂ ಲೋಹಕ್ಕೂ ನಡುವೆ ಹೊತ್ತುವ ವಿದ್ಯುತ್ ಚಾಪದ ಶಾಖ 5000 ಡಿಗ್ರಿಯನ್ನೂ ಮೀರಿದ್ದು. ಈ ಚಾಪವನ್ನು 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ತೋರಿಸಿಕೊಟ್ಟರು. 1880ರ ದಶಕದಲ್ಲಿ ರಷ್ಯಾದ ಬೆನಾರ್ಡೋಸ್ ಇಂಗಾಲದ ಕಡ್ಡಿಯಿಂದಲೂ, ಸ್ಲಾವ್ಯಾನೋವ್ ಲೋಹದ ಕಡ್ಡಿಯಿಂದಲೂ ಬೆಸುಗೆ ಹಾಕಿದರು. ಕಡ್ಡಿಗೆ ಲೇಪ ಬಳಿಯುವ ಉಪಾಯ 20ನೆಯ ಶತಮಾನದ ಆದಿಯಲ್ಲಿ ಸ್ವೀಡನ್ನಿನ ಆಸ್ಕರ್ ಶೆಲ್‌ಬರ್ಗ್ ಎಂಬುವರದು. ಈ ಲೇಪವೇ ಮುಖ್ಯ. ಅದು ಉರಿದು ಹೊಗೆಯ ಮರೆ ಕಟ್ಟಿ ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಆಮೇಲೆ ಕಿಟ್ಟವಾಗಿ ಮೇಲೆ ಹೆಪ್ಪುಗಟ್ಟುತ್ತದೆ. ಕಿಟ್ಟವನ್ನು ಸುತ್ತಿಗೆಯಿಂದ ಕೆರೆದ ಮೇಲೆಯೇ ಒಳಗಿನ ಬೆಸುಗೆ ಕಣ್ಣಿಗೆ ಬೀಳುವುದು.

ಯಂತ್ರ ಬಂದ ಮೊದಲ ತಿಂಗಳುಗಳಲ್ಲಿ ಅದು ಒಂದು ಕಿಡಿಯನ್ನೂ ಹಾರಿಸಲಿಲ್ಲ. ಗೋಣಿಚೀಲ ಹೊದ್ದು ಕೊಟ್ಟಿಗೆಯಲ್ಲಿ ಕುಳಿತಿತ್ತು. ಆಗ ನಮ್ಮ ತಂದೆಯವರು ಇದ್ದರು. ಬಾವಿಯ ಪಂಪ್‌ಸೆಟ್ಟಿನ ಪೆಟ್ಟಿಗೆ ಕೊಟ್ಟಿಗೆಯಿಂದ ಹತ್ತು ಮಾರು ದೂರದಲ್ಲಿಯೇ ಇದ್ದಿತು. ಅಲ್ಲಿಂದ ಎರಡು ತಂತಿ ಎಳೆದರೆ ಕೆಲಸ ಆರಂಭ. ಸುತ್ತಲಿನ ಊರುಗಳಲ್ಲಿ ನಡೆಯುತ್ತಿದ್ದುದೂ ಹಾಗೆಯೇ. ತಂದೆಯವರು ಒಪ್ಪಲಿಲ್ಲ. ನೀರೆತ್ತಲು ಕೊಟ್ಟ ಕರೆಂಟು ನೀರಿಗೇ ಹೋಗಬೇಕು, ಕಬ್ಬಿಣಕ್ಕೆ ಬೇರೆ ಮೀಟರು ಬರಲಿ ಎಂದರು. ಅರ್ಜಿ ಹಾಕಿ, ಠೇವಣಿ ತುಂಬಿ, ಪ್ರತ್ಯೇಕ ಮೀಟರು ಕೂತ ಮೇಲೆಯೇ ಗುಂಡಿ ಒತ್ತಲಾಯಿತು. ಅಷ್ಟರಲ್ಲಿ ನೆರೆಹೊರೆಯವರು ಹಾಸ್ಯ ಮಾಡಿ ದಣಿದಿದ್ದರು. ಸರಕಾರದ ಕರೆಂಟು ಯಾರ ಅಪ್ಪನ ಗಂಟು ಎಂದು ಒಬ್ಬರು ಕೇಳಿದರು. ತಂದೆಯವರು ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ.

ಕಲ್ಯಾಣದ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಚರಿತ್ರೆಯನ್ನು ನಮ್ಮ ಓದುಗ ಬಂಧುಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಿತು. ಲಕ್ಕಮ್ಮನವರು ಅದನ್ನು ಒಲೆಗೆ ಏರಿಸಲಿಲ್ಲ. ಮಿಕ್ಕುದನ್ನು ಅಲ್ಲಿಯೇ ಸುರಿದು ಬರಲು ಗಂಡನನ್ನು ಹಿಂದೆ ಕಳುಹಿಸಿದರು. ಆ ಅಕ್ಕಿ ಕದ್ದುದಲ್ಲ, ಬೇಡಿದುದೂ ಅಲ್ಲ, ಆದರೂ ಹೆಚ್ಚಿನದು. ಈ ಪ್ರಸಂಗವನ್ನು ನಾವು ಎಷ್ಟೋ ವೇದಿಕೆಗಳಿಂದ ವಿವರಿಸಿದ್ದೇವೆ, ಸಭಿಕರು ತಲೆದೂಗಿದ್ದಾರೆ. ಹಾಗೆ ತಲೆದೂಗಿದವರಲ್ಲಿ ಎಷ್ಟು ಜನರ ತೋಟದಲ್ಲಿ ಪಂಪ್‌ಸೆಟ್ಟಿನ ತಂತಿಯಿಂದ ಹಿಟ್ಟಿನ ಗಿರಣಿ, ಮೇವು ಕತ್ತರಿಸುವ ಯಂತ್ರ, ವೆಲ್ಡಿಂಗ್ ನಡೆಯುತ್ತಿವೆ ಎಂದು ಎಣಿಸಲು ಹೋದರೆ ಸಭೆಗೆ ಮುಜುಗರವಾದೀತು. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತವಾಗಿದೆ. ಅದರ ಹಣವನ್ನು ಸರಕಾರ ಸಾರ್ವಜನಿಕರ ಬೊಕ್ಕಸದಿಂದ ತುಂಬುತ್ತದೆ. ಒಂದು ಉದ್ದೇಶಕ್ಕೆ ಕೊಟ್ಟ ವಿದ್ಯುತ್ತನ್ನು ಇನ್ನೊಂದಕ್ಕೆ ಬಳಸುವುದನ್ನು 2003ರ ವಿದ್ಯುತ್ ಕಾಯಿದೆಯ 126ನೆಯ ಕಲಮು ಅನಧಿಕೃತ ಬಳಕೆ ಎಂದು ಕರೆದು, ದುಬಾರಿ ದರ ವಿಧಿಸುತ್ತದೆ. ಕಾಯಿದೆ ಬಂದುದು ನಮ್ಮ ತಂದೆಯವರು ಮೀಟರು ಹಾಕಿಸಿದ 12 ವರ್ಷಗಳ ನಂತರ. ಅವರಿಗೆ ಸಹಿ ಮಾಡಲು ಮಾತ್ರ ಬರುತ್ತಿತ್ತು. ಕಾಯಕವೆಂದರೆ ದುಡಿಯುವುದಷ್ಟೇ ಅಲ್ಲ, ಏನನ್ನು ಎಲ್ಲಿಂದ ತೆಗೆದುಕೊಂಡೆ ಎಂಬ ಲೆಕ್ಕವೂ ಅದರೊಳಗಿದೆ ಎಂಬುದನ್ನು ಅವರು ಯಾವ ಗ್ರಂಥದಿಂದ ಕಲಿತರೋ ಎಂದು ಮಠದಲ್ಲಿ ಓದಿದ ನಾವು ಬೆರಗಾಗಿದ್ದೇವೆ.

ಮೀಟರು ಇದ್ದುದರಿಂದ ಇನ್ನೊಂದು ಲಾಭವಾಯಿತು. ಹಳೆಯ ಮಾದರಿಯ ಈ ಯಂತ್ರಗಳು ಬೆಸುಗೆ ನಡೆಯದಿದ್ದಾಗಲೂ ಸುಮ್ಮನೆ ವಿದ್ಯುತ್ತನ್ನು ಎಳೆಯುತ್ತಿರುತ್ತವೆ. ಹಣ ತೆರುವವನಿಗೆ ಗುಂಡಿ ಆರಿಸುವ ನೆನಪು ತಾನಾಗಿಯೇ ಬರುತ್ತದೆ. ಸುರುಳಿಗಳು ತಣ್ಣಗಿದ್ದಷ್ಟೂ ಅವುಗಳ ಹೊದಿಕೆ ಉಳಿಯುತ್ತದೆ. ಈ ಯಂತ್ರ ಮೂವತ್ತು ವರ್ಷಗಳನ್ನು ದಾಟಿ ಬಾಳಿದುದಕ್ಕೆ ಇದೊಂದು ಕಾರಣವೆಂದು ನಮ್ಮ ಸಹೋದರ ಹೇಳುತ್ತಾನೆ. ಉಳಿದ ಕಾರಣಗಳೂ ಸಣ್ಣವೇ. ಸತತವಾಗಿ ಸುಡಬಾರದು, ಎರಡು ರಾಡು ಮುಗಿದ ಮೇಲೆ ಕಿಟ್ಟ ಕೆರೆಯುವ ನೆಪದಲ್ಲಿ ಯಂತ್ರಕ್ಕೆ ಉಸಿರು ಬಿಡಲು ಅವಕಾಶ ಕೊಡಬೇಕು. ಹತ್ತು ನಿಮಿಷದಲ್ಲಿ ಆರು ನಿಮಿಷಕ್ಕಿಂತ ಹೆಚ್ಚು ಚಾಪ ಹೊತ್ತಿರಬಾರದೆಂದು ಅದರ ತಗಡಿನ ಫಲಕದ ಮೇಲೆಯೇ ಬರೆದಿದೆ, ಓದುವವರು ಕಡಿಮೆ. ತಂತಿ ಸೇರುವ ತಿರುಪುಗಳನ್ನು ತಿಂಗಳಿಗೊಮ್ಮೆ ಬಿಗಿ ಮಾಡಬೇಕು. ಸಡಿಲವಾದ ತಿರುಪಿನಲ್ಲಿ ಕಾವು ಹುಟ್ಟುತ್ತದೆ, ಕಾವಿನಿಂದ ಅದು ಇನ್ನಷ್ಟು ಸಡಿಲವಾಗುತ್ತದೆ, ಕೊನೆಗೆ ಹಿತ್ತಾಳೆಯ ತುಂಡೇ ಸುಟ್ಟುಹೋಗುತ್ತದೆ. ಈ ಬಗೆಯ ಯಂತ್ರಗಳು ಕೆಡುವುದು ಹೆಚ್ಚಾಗಿ ಸುರುಳಿಯಿಂದಲ್ಲ, ತಿರುಪಿನಿಂದ. ಎಣ್ಣೆಯ ಮಟ್ಟ ಸುರುಳಿಯ ನೆತ್ತಿಗಿಂತ ಕೆಳಗೆ ಬರಬಾರದು, ಅದಕ್ಕೆ ನೀರಿನ ಹನಿ ಸೇರಬಾರದು. ಮಳೆಗಾಲ ಮುಗಿದ ಮೇಲೆ ಸ್ವಲ್ಪ ಎಣ್ಣೆಯನ್ನು ಸೌಟಿನಲ್ಲಿ ಕಾಯಿಸಿ ನೋಡುವುದು ನಮ್ಮಲ್ಲಿಯ ರೂಢಿ. ಚಟಚಟ ಸದ್ದು ಬಂದರೆ ತೇವವಿದೆಯೆಂದು ಅರ್ಥ.

ಎಣ್ಣೆಯ ಮಾತು ಬಂದುದರಿಂದ ಒಂದು ಸಂಗತಿ. ಟ್ರಾನ್ಸ್‌ಫಾರ್ಮರ್ ಎಣ್ಣೆ ಹಚ್ಚಿದರೆ ಕೀಲುನೋವು ಹೋಗುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬೇರೂರಿದೆ. ಯಂತ್ರ ಬಂದ ವರ್ಷದಿಂದ ಸಣ್ಣ ಸೀಸೆ ಹಿಡಿದು ಬರುವ ಹಿರಿಯರಿಗೆ ಬರವಿಲ್ಲ. ಅದು ಖನಿಜ ಎಣ್ಣೆ. ವೈದ್ಯಶಾಸ್ತ್ರದಲ್ಲಿ ಅದಕ್ಕೆ ಸ್ಥಾನವಿಲ್ಲ, ಚರ್ಮಕ್ಕೆ ಕೆಡುಕೇ ಹೆಚ್ಚು. ನಮ್ಮ ಸಹೋದರ ಇಲ್ಲವೆಂದು ಹೇಳಿ ಒಂದು ಲೋಟ ಮಜ್ಜಿಗೆ ಕೊಟ್ಟು ಕಳುಹಿಸುತ್ತಾನೆ.

ನಮ್ಮೂರಿನಲ್ಲಿ ಒಂದು ಕಮ್ಮಾರರ ಮನೆ ಇದ್ದಿತು. ಆಯಗಾರಿಕೆಯ ಮನೆ ಅದು. ವರ್ಷವಿಡೀ ಒಕ್ಕಲಿಗರ ಕುಳ ತಟ್ಟಿ, ಕುಡುಗೋಲು ಹಣಿದು, ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕೂರಿಸಿ, ಸುಗ್ಗಿಯಲ್ಲಿ ಕಣಕ್ಕೆ ಬಂದು ಜೋಳದ ಆಯ ಒಯ್ಯುತ್ತಿದ್ದರು. ಕುಲುಮೆಯ ಬೆಸುಗೆಯೂ ಅವರಿಗೆ ಗೊತ್ತಿತ್ತು. ಎರಡು ತುಂಡುಗಳನ್ನು ಬಿಳುಪೇರಿ ಕಿಡಿ ಉದುರುವವರೆಗೆ ಕಾಯಿಸಿ, ಮೇಲೆ ಮರಳು ಚೆಲ್ಲಿ, ಅಡಿಗಲ್ಲಿನ ಮೇಲೆ ಒಂದರ ಮೇಲೊಂದಿಟ್ಟು ಬಡಿದರೆ ಕೂಡಿಕೊಳ್ಳುತ್ತಿದ್ದವು. ಕಬ್ಬಿಣ ಒಂದು ಕ್ಷಣ ಹೆಚ್ಚು ಕಾದರೆ ಸುಟ್ಟುಹೋಯಿತು, ಕಡಿಮೆಯಾದರೆ ಹಿಡಿಯಲಿಲ್ಲ. ಆ ಕ್ಷಣವನ್ನು ಕಣ್ಣಿನಿಂದಲೇ ತಿಳಿಯಬೇಕು.

ವಿದ್ಯುತ್ತಿನ ಬೆಸುಗೆ ಬಂದ ಮೇಲೆ ಆ ಕುಲುಮೆ ಕುಗ್ಗಿತು. ಆ ಮಾತನ್ನು ಮರೆಮಾಚುವುದು ಸರಿಯಲ್ಲ. ಒಂದು ಯಂತ್ರದಿಂದಲೇ ಅದು ಆಯಿತೆಂದು ಹೇಳುವುದೂ ಸರಿಯಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲನ್ನು ಎರಕ ಹೊಯ್ದಾಗ, ಅದರಿಂದ ಭೂಮಿಗೆ ವಿಷವೇರುತ್ತದೆಂದು ರೈತರು ಕೊಳ್ಳಲು ಹಿಂಜರಿದ ಕಥೆ ಪ್ರಸಿದ್ಧವಾಗಿದೆ. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು, ಹಿಂಜರಿಕೆ ಹೋಯಿತು, ಮರದ ನೇಗಿಲು ಮಾಡುವ ಬಡಿಗರ ಕೆಲಸವೂ ಅದರೊಡನೆ ಸವೆಯತೊಡಗಿತು. ಆಮೇಲೆ ಚಕ್ಕಡಿಗೆ ರಬ್ಬರಿನ ಟಯರು ಬಂದವು, ಗಾಲಿಪಟ್ಟಿಯ ಕೆಲಸ ನಿಂತಿತು. ಎತ್ತುಗಳ ಸ್ಥಾನಕ್ಕೆ ಟ್ರ್ಯಾಕ್ಟರು ಬಂದಿತು. ಕುಲುಮೆಯ ಬೆಂಕಿ ಒಂದೊಂದೇ ಕಡೆಯಿಂದ ಆರುತ್ತ ಬಂದು, ಕೊನೆಗೆ ಉಳಿದ ಚೂರುಪಾರು ಕೆಲಸವನ್ನು ನಮ್ಮ ಕೊಟ್ಟಿಗೆಯಂಥ ಕೊಟ್ಟಿಗೆಗಳು ಎಳೆದುಕೊಂಡವು.

ಆ ಕಮ್ಮಾರ ಹಿರಿಯರು ಮೊದಲ ಸಲ ಬೆಸುಗೆ ನೋಡಲು ಬಂದಾಗ ನಾವೂ ಅಲ್ಲಿದ್ದೆವು. ಕಪ್ಪು ಗಾಜಿನ ಹಿಡಿಯನ್ನು ಮುಖಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ಸುತ್ತಿಗೆಯಿಲ್ಲದ ಬೆಸುಗೆ ಇದು, ನಂಬುವುದು ಹೇಗೆ ಎಂದರು. ಬೆಸೆದ ತುಂಡನ್ನು ಕಲ್ಲಿನ ಮೇಲೆ ಇಟ್ಟು ತಾವೇ ಬಡಿದು ನೋಡಿದರು. ಜೋಡಣೆ ನಿಂತಿತು, ಅದರ ಪಕ್ಕದ ಕಬ್ಬಿಣ ಬಿರುಕಿತು. ಅದು ಹಳೆಯ ಲಾರಿಯ ಪಾಟಿಯ ತುಂಡು. ಇದು ಉಕ್ಕು, ಮೆತ್ತನೆಯ ಕಬ್ಬಿಣವಲ್ಲ, ಕಾಯಿಸದೆ ಬೆಸೆದರೆ ಹೀಗೆಯೇ ಎಂದು ಅವರು ಹೇಳಿದುದನ್ನು ಲೋಹಶಾಸ್ತ್ರದ ಪುಸ್ತಕಗಳೂ ಹೇಳುತ್ತವೆ. ಮೆತ್ತನೆಯ ಕಬ್ಬಿಣದಲ್ಲಿ ಇಂಗಾಲ ಸುಮಾರು ನೂರಕ್ಕೆ 0.2ರಷ್ಟು ಮಾತ್ರ. ಪಾಟಿಯ ಉಕ್ಕಿನಲ್ಲಿ ಅದು ಹೆಚ್ಚು. ಬೆಸುಗೆಯ ಅಂಚು ಥಟ್ಟನೆ ತಣಿದಾಗ ಗಾಜಿನಂತೆ ಪೆಡಸಾಗುತ್ತದೆ. ಅಂದಿನಿಂದ ಅವರು ಆಗಾಗ ಬರುತ್ತಿದ್ದರು. ಸಾಣೆಯಿಂದ ಹಾರುವ ಕಿಡಿಯ ಬಣ್ಣ ಮತ್ತು ಕವಲುಗಳನ್ನು ನೋಡಿ ಕಬ್ಬಿಣದ ಜಾತಿ ಹೇಳುವುದನ್ನು ನಮ್ಮ ಸಹೋದರನಿಗೆ ಕಲಿಸಿದವರು ಅವರೇ.

ಎರಕದ ಕಬ್ಬಿಣವನ್ನು ಬೂದಿಯಲ್ಲಿ ಹೂಳುವುದನ್ನೂ ಅವರೇ ಹೇಳಿಕೊಟ್ಟರು. ಪಂಪಿನ ಕವಚ, ಹಳೆಯ ಡೀಸೆಲ್ ಎಂಜಿನ್ನಿನ ಕಾಲು ಮುಂತಾದವು ಎರಕದವು. ಅವುಗಳಲ್ಲಿ ಇಂಗಾಲ ನೂರಕ್ಕೆ 2ಕ್ಕಿಂತ ಹೆಚ್ಚು. ಅವನ್ನು ನಿಕ್ಕಲ್ ರಾಡಿನಿಂದ ಬೆಸೆಯಬೇಕು, ಆ ರಾಡು ದುಬಾರಿ. ಒಂದು ಬೆರಳಿನಷ್ಟು ಉದ್ದ ಹಾಕಿ, ಬಿಸಿ ಇರುವಾಗಲೇ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ತಡೆದು, ಮತ್ತೆ ಹಾಕಬೇಕು. ಮುಗಿದ ಮೇಲೆ ತಣ್ಣೀರು ಸೋಕಿಸದೆ, ಗಾಳಿಗೂ ಬಿಡದೆ ಬೂದಿಯ ರಾಶಿಯಲ್ಲಿ ಇಡೀ ರಾತ್ರಿ ಹೂತಿಡಬೇಕು. ಅಷ್ಟು ನಿಧಾನವಾಗಿ ಆರಿದರೆ ಬಿರುಕಿನ ಭಯ ಕಡಿಮೆ. ನಮ್ಮ ಮನೆಯಲ್ಲಿ ಕುಳ್ಳಿನ ಬೂದಿಗೆ ಕೊರತೆಯಿಲ್ಲ. ಆ ಬೂದಿಯೇ ಸೋಸಿ ಶುದ್ಧಿಯಾದರೆ ಹಣೆಗೆ ಏರುತ್ತದೆ, ಸೋಸದೆ ಉಳಿದುದು ಪಂಪಿನ ಕವಚವನ್ನು ಕಾಯುತ್ತದೆ.

ಹಿರಿಯರ ಮಗನು ನಮ್ಮ ಕೊಟ್ಟಿಗೆಯಲ್ಲಿಯೇ ವೆಲ್ಡಿಂಗ್ ಕಲಿತನು. ಕೈ ಸ್ಥಿರ, ಕಣ್ಣು ಚುರುಕು; ತಲೆಮಾರುಗಳ ಕಬ್ಬಿಣ ಆ ಬೆರಳುಗಳಲ್ಲಿ ಇತ್ತು. 1998ರಲ್ಲಿ ಅವನು ರಸ್ತೆಯ ಬದಿಗೆ ಸ್ವಂತ ಅಂಗಡಿ ಹಾಕಿದನು. ಆಗ ನಮ್ಮ ಸಹೋದರ ಒಂದು ನಿರ್ಧಾರ ಮಾಡಿದನು: ಇನ್ನು ಮೇಲೆ ಹಣದ ಕೆಲಸ ನಮ್ಮ ಕೊಟ್ಟಿಗೆಯಲ್ಲಿ ಬೇಡ, ಬಂದವರನ್ನೆಲ್ಲ ರಸ್ತೆಯ ಅಂಗಡಿಗೆ ಕಳುಹಿಸುವುದು. ನಮ್ಮ ತೋಟದ ಕೆಲಸ, ನೆರೆಯವರ ರಾತ್ರಿಯ ಅವಸರ, ಇಷ್ಟೇ ಇಲ್ಲಿ. ಅವಸರದ ಕೆಲಸಕ್ಕೂ ರಾಡಿನ ಬೆಲೆ, ಮೀಟರಿನ ಬೆಲೆ ಮಾತ್ರ; ಕೈಯ ದುಡಿಮೆ ಲೆಕ್ಕಕ್ಕಿಲ್ಲ. ಮನೆಯಲ್ಲಿ ಇದಕ್ಕೆ ಎಲ್ಲರ ಒಪ್ಪಿಗೆ ಇರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ದಿನಕ್ಕೆ ಎರಡು ಮೂರು ಟ್ರೇಲರುಗಳು ಬಾಗಿಲಿಗೆ ಬರುತ್ತಿದ್ದ ಕಾಲ ಅದು. ಬಂದ ಲಕ್ಷ್ಮಿಯನ್ನು ಬೀದಿಗೆ ಕಳುಹಿಸಿದನೆಂದು ಸಹೋದರನ ಮಗ ಈಗಲೂ ಆಡಿಕೊಳ್ಳುವುದುಂಟು. ಅವನ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳೆವು. ಆ ಹಣದಿಂದ ಹನಿ ನೀರಾವರಿಯನ್ನು ಐದಾರು ವರ್ಷ ಮೊದಲೇ ಹಾಕಿಸಬಹುದಾಗಿತ್ತು. ಆದರೂ ಒಂದು ಮನೆಯ ಕುಲುಮೆ ಆರಿದ ಜಾಗದಲ್ಲಿ ಆ ಮನೆಯವರದೇ ಇನ್ನೊಂದು ಬೆಂಕಿ ಹೊತ್ತಿಕೊಂಡಿತಲ್ಲ, ಅದು ಹನಿ ನೀರಾವರಿಗಿಂತ ಕಡಿಮೆಯದೆಂದು ನಮಗೆ ತೋರುವುದಿಲ್ಲ.

ಕಬ್ಬಿನ ಟ್ರೇಲರಿನ ಮಾತು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾದುದು. ನವೆಂಬರಿನಿಂದ ಮಾರ್ಚಿಯವರೆಗೆ ನಮ್ಮ ಭಾಗದ ರಸ್ತೆಗಳಲ್ಲಿ ಒಂದು ಟ್ರ್ಯಾಕ್ಟರು ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ಸಾಗುತ್ತದೆ; ಹೇರು ಎಷ್ಟಿರಬೇಕೆಂಬ ನಿಯಮ ಕಾಗದದಲ್ಲಿ ಉಳಿದಿರುತ್ತದೆ. ಇದರ ಭಾರವೆಲ್ಲ ಕೊಂಡಿಯ ಕಣ್ಣಿನ ಮೇಲೆ. ಅಲ್ಲಿ ಬಿರುಕು ಬಿಟ್ಟರೆ ಹೆಚ್ಚಿನವರು ರಾತ್ರೋರಾತ್ರಿ ಒಂದು ಬೆಸುಗೆ ಎಳೆಸಿ, ಬೆಳಿಗ್ಗೆ ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮ ಸಹೋದರ ಕೊಂಡಿಯ ಕಣ್ಣನ್ನು ಎಂದೂ ಬೆಸೆದವನಲ್ಲ. ಪಾಟಿಯನ್ನೂ, ಸ್ಟಿಯರಿಂಗಿನ ತೋಳನ್ನೂ ಬೆಸೆಯುವುದಿಲ್ಲ. ಹೊಸದು ಹಾಕಿಸಿ ಎಂದಷ್ಟೇ ಹೇಳುತ್ತಾನೆ. ಒಮ್ಮೆ ಹತ್ತಿರದ ಬಂಧುಗಳೊಬ್ಬರು ಅರ್ಧರಾತ್ರಿಗೆ ಬಂದು ಕೈ ಮುಗಿದರು. ಮರುದಿನದ ಸರದಿ ತಪ್ಪಿದರೆ ಕಬ್ಬು ಒಣಗಿ ತೂಕ ಇಳಿಯುತ್ತದೆ ಎಂದರು, ಅದು ನಿಜವೇ. ಇವನು ಒಪ್ಪಲಿಲ್ಲ. ಅವರು ಬೇರೆಡೆ ಬೆಸೆಯಿಸಿಕೊಂಡು ಇಡೀ ಹಂಗಾಮು ಅದೇ ಕೊಂಡಿಯ ಮೇಲೆ ಓಡಿಸಿದರು, ಏನೂ ಆಗಲಿಲ್ಲ. ಮದುವೆ ಮುಂಜಿಗಳಲ್ಲಿ ಭೇಟಿಯಾದಾಗಲೆಲ್ಲ ಅದನ್ನು ನೆನಪಿಸುತ್ತಿದ್ದರು. ಇವನು ನಕ್ಕು ಸುಮ್ಮನಾಗುತ್ತಿದ್ದ, ಮುಂದಿನ ಹಂಗಾಮಿನಲ್ಲಿ ಬಂದವರಿಗೂ ಇಲ್ಲವೆಂದೇ ಹೇಳಿದ. ರಾತ್ರಿ ಹೊತ್ತು ಆ ರಸ್ತೆಯಲ್ಲಿ ಸೈಕಲ್ಲಿನ ಮೇಲೆ ಬರುವವರು ನಮ್ಮೂರಿನ ಮಕ್ಕಳೇ ಆಗಿರುತ್ತಾರೆ.

ಬೆಸುಗೆಯಲ್ಲಿ ಮೋಸ ಬಹಳ ಸುಲಭ. ಮೇಲೆ ಮೀನಿನ ಹುರುಪೆಯಂತೆ ಸುಂದರವಾದ ಸಾಲು ಕಾಣುತ್ತಿರಬಹುದು, ಕೆಳಗೆ ಎರಡು ತುಂಡುಗಳೂ ಕರಗದೆ ಬೇರೆ ಬೇರೆಯಾಗಿಯೇ ಇರಬಹುದು. ಆಂಪಿಯರು ಕಡಿಮೆಯಿದ್ದರೆ ರಾಡು ಮಾತ್ರ ಕರಗಿ ಮೇಲೆ ಕೂರುತ್ತದೆ. 3.15 ಮಿಲಿಮೀಟರಿನ ರಾಡಿಗೆ 100ರಿಂದ 130 ಆಂಪಿಯರು ಬೇಕು. ಹಳ್ಳಿಯ ವೋಲ್ಟು ಕುಸಿದ ಸಂಜೆಗಳಲ್ಲಿ ಅದು ಸಿಗುವುದಿಲ್ಲ. ಅಂಥ ಹೊತ್ತಿನಲ್ಲಿ ಕೆಲಸ ನಿಲ್ಲಿಸುವುದೇ ಸರಿ. ತುಕ್ಕು, ಬಣ್ಣ, ಸಗಣಿ ಅಂಟಿದ ಕಬ್ಬಿಣವನ್ನು ಹಾಗೆಯೇ ಬೆಸೆದರೆ ಒಳಗೆ ಜೇನುಗೂಡಿನಂತೆ ತೂತು ಬೀಳುತ್ತದೆ. ತೇವ ಹಿಡಿದ ರಾಡಿನಿಂದಲೂ ಅಷ್ಟೇ. ಮಳೆಗಾಲದಲ್ಲಿ ನಮ್ಮಲ್ಲಿ ರಾಡಿನ ಕಟ್ಟುಗಳು ಒಂದು ಹಳೆಯ ಮರದ ಪೆಟ್ಟಿಗೆಯಲ್ಲಿ, ಉರಿಯುವ ಒಂದು ಬಲ್ಬಿನ ಪಕ್ಕದಲ್ಲಿ ಬೆಚ್ಚಗಿರುತ್ತವೆ.

ಈಗ ತಾಯಂದಿರು ಗಮನಿಸಬೇಕಾದ ಮಾತು. ಬೆಸುಗೆಯ ಬೆಳಕನ್ನು ಬರಿಗಣ್ಣಿನಿಂದ ನೋಡಿದ ಮಗು ಆ ಹೊತ್ತಿಗೆ ನಗುತ್ತಲೇ ಆಡುತ್ತದೆ. ಆರೇಳು ತಾಸಿನ ನಂತರ, ನಡುರಾತ್ರಿ, ಕಣ್ಣಿಗೆ ಮರಳು ಹಾಕಿದಂತೆ ಉರಿದು ಕಿರುಚುತ್ತದೆ. ನೇರಳಾತೀತ ಕಿರಣಗಳಿಂದ ಕಣ್ಣಿನ ಪಾರದರ್ಶಕ ಪೊರೆಯ ಮೇಲ್ಪದರ ಸುಡುವುದೇ ಇದಕ್ಕೆ ಕಾರಣ. ಒಂದೆರಡು ದಿನಗಳಲ್ಲಿ ಹೆಚ್ಚಾಗಿ ತಾನೇ ಮಾಯುತ್ತದೆ. ಕಣ್ಣುಜ್ಜಬಾರದು, ವೈದ್ಯರಿಗೆ ತೋರಿಸಬೇಕು. ತುರಿದ ಆಲೂಗಡ್ಡೆ, ಹಸಿಹಾಲು ಇವನ್ನು ಕಣ್ಣೊಳಗೆ ಹಾಕುವ ರೂಢಿಯಿಂದ ಸೋಂಕು ತಗಲುವ ಭಯವುಂಟು. ನಮ್ಮ ಕೊಟ್ಟಿಗೆಯ ಬಾಗಿಲಿಗೆ ಹಳೆಯ ತಾಡಪತ್ರಿಯ ಪರದೆ ಇಳಿಬಿಟ್ಟುದು ಇದಕ್ಕಾಗಿ. ಕಲಾಯಿ ಮಾಡಿದ ನೀರಿನ ಕೊಳವೆಯನ್ನು ಬೆಸೆಯುವಾಗ ಏಳುವ ಬಿಳಿಯ ಹೊಗೆ ಸತುವಿನದು. ಅದನ್ನು ಉಸಿರಾಡಿದವನಿಗೆ ಸಂಜೆ ಚಳಿಜ್ವರ ಬರುತ್ತದೆ. ಬೆಲ್ಲ ತಿಂದರೆ, ಹಾಲು ಕುಡಿದರೆ ಅದು ತಟ್ಟದೆಂದು ಕೆಲಸಗಾರರು ನಂಬಿದ್ದಾರೆ. ಬೆಲ್ಲ ತಿನ್ನಲಿ, ಬೇಡವೆನ್ನುವವರಾರು. ಮೊದಲು ಸಾಣೆಯಿಂದ ಕಲಾಯಿ ಕೆರೆದು, ಗಾಳಿಯ ಕಡೆಗೆ ಬೆನ್ನು ಮಾಡಿ ಕೂರಲಿ. ಎಲ್ಲಕ್ಕಿಂತ ಅಪಾಯಕಾರಿಯಾದುದು ಡೀಸೆಲ್ ಇದ್ದ ಪೀಪಾಯಿ. ವರ್ಷಗಳಿಂದ ಖಾಲಿ ಬಿದ್ದಿದ್ದರೂ ಅದರ ಸಂದುಗಳಲ್ಲಿ ಉಳಿದ ಎಣ್ಣೆ ಶಾಖಕ್ಕೆ ಆವಿಯಾಗಿ ಬಾಂಬಿನಂತೆ ಸಿಡಿಯಬಲ್ಲುದು. ದನದ ನೀರಿನ ತೊಟ್ಟಿ ಮಾಡಿಕೊಡು ಎಂದು ಯಾರಾದರೂ ಅಂಥ ಪೀಪಾಯಿ ತಂದರೆ ಕೊಟ್ಟಿಗೆಯ ಒಳಗೆ ಬಿಡುವುದೇ ಇಲ್ಲ.

2017ರಲ್ಲಿ ಸಹೋದರನ ಮಗ ಒಂದು ಇನ್ವರ್ಟರ್ ಮಾದರಿಯ ಹೊಸ ಯಂತ್ರ ತಂದನು. ಕೈಚೀಲದಂತೆ ಹೆಗಲಿಗೆ ಹಾಕಿಕೊಂಡು ಹೊಲದ ಕೊನೆಯವರೆಗೆ ಒಯ್ಯಬಹುದು. ಮನೆಯ 230 ವೋಲ್ಟಿನಲ್ಲಿಯೇ ನಡೆಯುತ್ತದೆ. ವಿದ್ಯುತ್ತು ಕಡಿಮೆ, ಚಾಪ ಮೃದು, ಕಲಿಯುವವರಿಗೂ ಸುಲಭ. ಹಳೆಯದನ್ನು ಹೊಗಳಲು ಹೊಸದನ್ನು ತೆಗಳುವ ಹಿರಿಯರ ಸಾಲಿಗೆ ನಾವು ಸೇರಬಯಸುವುದಿಲ್ಲ. ತೆಳುವಾದ ತಗಡಿಗೆ ಹೊಸದೇ ಉತ್ತಮ. ಆದರೆ ಅದರ ಜೀವವಿರುವುದು ಒಂದು ಅಂಗೈಯಗಲದ ಹಲಗೆಯ ಮೇಲೆ. ಕಬ್ಬಿಣದ ಧೂಳು, ಇರುವೆ, ಹಲ್ಲಿ, ಸಿಡಿಲಿನ ದಿನಗಳ ವೋಲ್ಟಿನ ಜಿಗಿತ, ಇವಾವುದನ್ನೂ ಅದು ಸಹಿಸದು. ಎರಡು ಸಲ ಹಲಗೆ ಸುಟ್ಟಿತು. ರಿಪೇರಿಗೆ ಒಯ್ದಲ್ಲಿ ರಿಪೇರಿಗಿಂತ ಹೊಸದೇ ಲೇಸೆಂಬ ಸಲಹೆ ಬಂದಿತು. ಹಳೆಯ ಯಂತ್ರದಲ್ಲಿ ಕೆಟ್ಟುದನ್ನೆಲ್ಲ ಈವರೆಗೆ ಪಾನಾ ಮತ್ತು ಇಕ್ಕಳದಿಂದಲೇ ಸರಿಪಡಿಸಲಾಗಿದೆ.

ಗುಜರಿಯವನು ವರ್ಷಕ್ಕೊಮ್ಮೆ ಬಂದು ಹಳೆಯದರ ಮೇಲೆ ಕೈಯಾಡಿಸಿ ಹೋಗುತ್ತಾನೆ. ಅವನ ಕಣ್ಣು ಒಳಗಿನ ತಾಮ್ರದ ಮೇಲೆ. ಈಚಿನ ಅಗ್ಗದ ಯಂತ್ರಗಳಲ್ಲಿ ಅಲ್ಯೂಮಿನಿಯಮ್ಮಿನ ಸುರುಳಿ ಇರುವುದರಿಂದ ಇಂಥವು ಸಿಗುವುದು ಅಪರೂಪವೆಂದು ಅವನೇ ಹೇಳಿದನು. ಅವನು ಹೇಳಿದ ಬೆಲೆ 1991ರಲ್ಲಿ ನಾವು ಕೊಟ್ಟುದಕ್ಕಿಂತ ಹೆಚ್ಚಿನದು. ಸಹೋದರನ ಮಗ ನಮ್ಮ ಕಡೆ ನೋಡಿದನು. ನಾವು ಅವನ ತಂದೆಯ ಕಡೆ ನೋಡಿದೆವು. ಅವನು ತಿರುಪು ಬಿಗಿ ಮಾಡುತ್ತ ಕುಳಿತಿದ್ದನು, ತಲೆ ಎತ್ತಲಿಲ್ಲ.

ಕಳೆದ ಕಬ್ಬಿನ ಹಂಗಾಮಿನ ನಟ್ಟನಡುವೆ ರಸ್ತೆಯ ಅಂಗಡಿಯ ಹೊಸ ಯಂತ್ರವೂ ಕೈಕೊಟ್ಟಿತು. ಅಂಗಳದಲ್ಲಿ ಟ್ರೇಲರುಗಳು ನಿಂತಿದ್ದವು, ದಪ್ಪ ತಗಡಿನ ಕೆಲಸ ಬಾಕಿಯಿತ್ತು. ಕಮ್ಮಾರರ ಮಗ, ಈಗ ತಲೆ ನೆರೆತವನು, ಸಂಜೆ ಬಂದು ಹಳೆಯದನ್ನು ಕೇಳಿದನು. ಅವನ ಅಂಗಡಿಗೂ ಮೂರು ಫೇಸಿನ ಮೀಟರು ಇದೆ. ನಾಲ್ವರು ಸೇರಿ ಯಂತ್ರವನ್ನು ಟ್ರೇಲರಿಗೆ ಏರಿಸಿದರು. ಹದಿನೈದು ದಿನ ಅದು ಅಲ್ಲಿಯೇ ದುಡಿಯಿತು. ಹಿಂದಿರುಗಿದಾಗ ಅದರ ಸವೆದ ಒಂದು ಕೇಬಲ್ಲು ಹೊಸದಾಗಿತ್ತು, ಎಣ್ಣೆ ಗೆರೆಯವರೆಗೆ ತುಂಬಿತ್ತು. ಬಾಡಿಗೆಯ ಮಾತನ್ನು ಅವನೂ ಎತ್ತಲಿಲ್ಲ, ನಮ್ಮ ಸಹೋದರನೂ ಎತ್ತಲಿಲ್ಲ.